ನಲವತ್ತೊಂದನೆಯ ಪತ್ರಕ್ಕೆ ಉತ್ತರ

ಈಗ ಹೇಳುವುದು ನಡೆದ ಸಂಗತಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎರಡಕ್ಷರ ಇದ್ದರೆ ಅದು ಗಿಳಿಯದು. ಗಿಳಿ ಯಾರೆಂಬುದು ಆಮೇಲೆ. ಮೊದಲು ಬೆಳಗಿನ ಏಳೂವರೆಗೆ, ಬ್ರೆಡ್ಡಿನ ಮೊದಲ ತುಂಡು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಕೆಂಡಕ್ಕನ ಮೈ ಉರಿದ ಕಥೆ.

ಅವಳ ತಟ್ಟೆಯ ಪಕ್ಕದಲ್ಲಿ, ಸಕ್ಕರೆ ಡಬ್ಬಕ್ಕೆ ಒರಗಿಕೊಂಡು, ಒಂದು ಕಂದು ಲಕೋಟೆ ನಿಂತಿತ್ತು. ಮೇಲೆ ದುಂಡು ಅಕ್ಷರದಲ್ಲಿ 'ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರಿಗೆ, ಖುದ್ದು' ಎಂದಿತ್ತು. ರಕ್ತ ತಪಾಸಣಾ ಕೇಂದ್ರದ ನೆಟ್‌ವರ್ಕ್ ವಿಭಾಗಕ್ಕೆ ಮುಖ್ಯಸ್ಥೆಯೂ ಅವಳೇ, ಸಿಬ್ಬಂದಿಯೂ ಅವಳೇ, ಕಸ ಗುಡಿಸುವವಳೂ ಅವಳೇ. ದುಂಡು ಅಕ್ಷರ ಮಾತ್ರ ಎದುರಿಗೆ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ ಭಾವನದು. ಗಂಡನ ಅಣ್ಣ; ಅದೇ ಕೇಂದ್ರದ ಆಡಳಿತಾಧಿಕಾರಿ.

"ಏನು ಭಾವ ಇದು?"

"ಯಾವುದು?"

"ಇದೇ, ಸಕ್ಕರೆ ಕಾಯ್ತಾ ನಿಂತಿರೋದು."

"ಓ, ಅದಾ. ಅದು ನಿನಗಲ್ಲಮ್ಮ. ನೆಟ್‌ವರ್ಕ್ ವಿಭಾಗಕ್ಕೆ. ಹತ್ತು ಗಂಟೆಗೆ ಕೊಡ್ತೀನಿ. ರಿಜಿಸ್ಟರಿಗೆ ಏರಿಸ್ಬೇಕು, ನಂಬರ್ ಹಾಕ್ಬೇಕು, ಸಹಿ ತಗೋಬೇಕು. ಮರೆತು ಹೋದೀತು ಅಂತ ಕಣ್ಣೆದುರಿಗೆ ಇಟ್ಕೊಂಡೆ."

"ನಿಮ್ಮ ಚಹಾ ಸೋಸಿ ಕೊಟ್ಟಿದ್ದು ನೆಟ್‌ವರ್ಕ್ ವಿಭಾಗವೇ."

"ಮನೇಲಿ ಮನೆ, ಆಫೀಸಲ್ಲಿ ಆಫೀಸು," ಎಂದು ಭಾವ ಬಿಸ್ಕತ್ತನ್ನು ಸರಿಯಾದ ಕ್ಷಣಕ್ಕೆ, ಮುರಿದು ಬೀಳುವ ಮೊದಲು, ಬಾಯಿಗೆ ಹಾಕಿಕೊಂಡರು. "ಚಹಾ ಚೆನ್ನಾಗಿದೆ."

ಅತ್ತೆ ಕನ್ನಡಕ ಏರಿಸಿಕೊಂಡು ಲಕೋಟೆಯತ್ತ ಬಗ್ಗಿದರು. "ಮೆಮೊ ಏನೋ?"

"ಅಮ್ಮಾ, ಅದು ಗೋಪ್ಯ."

"ಗೋಪ್ಯ ಅಂತ ಊಟದ ಮೇಜಿನ ನಡುವೆ ನಿಲ್ಲಿಸಿದೀಯಲ್ಲೋ. ಬಹಿರಂಗ ಆಗಿದ್ರೆ ಬಾಗಿಲಿಗೆ ಕಟ್ತಿದ್ದೆಯೇನೋ."

ಕೆಂಡಕ್ಕನಿಗೆ ಲಕೋಟೆ ಒಡೆಯಬೇಕಾದ ಅಗತ್ಯವಿರಲಿಲ್ಲ. ಅದು ಎರಡನೆಯ ಮೆಮೊ. ಮೊದಲನೆಯದು ಹೋದ ವರ್ಷದ್ದು. ಆಗಲೇ ಡಾಕ್ಟರಮ್ಮ, ಕೇಂದ್ರದ ಒಡತಿ, ತಮ್ಮ ಕಡಿಮೆ ಮಾತಿನಲ್ಲಿ ಹೇಳಿದ್ದರು: ಇನ್ನೊಂದಾದರೆ ಈ ಕೆಲಸ ಹೊರಗಿನ ಕಂಪನಿಗೆ. ಹನ್ನೆರಡು ವರ್ಷ ಒಂಬತ್ತು ಶಾಖೆಗಳ ವೈರನ್ನು ಕೈಯಾರೆ ಎಳೆದವಳು, ಇಲಿ ಕಡಿದದ್ದನ್ನು ಹೊಟ್ಟೆಯ ಮೇಲೆ ತೆವಳಿ ಜೋಡಿಸಿದವಳು, ಇನ್ನೊಂದು ಲಕೋಟೆಗೆ ಮನೆಗೆ ಹೋಗಬೇಕು. ಹೋದರೆ ಆ ಮನೆಯಲ್ಲಿ ಲಕೋಟೆ ಬರೆದವರಿಗೇ ದಿನಾ ಚಹಾ ಸೋಸಬೇಕು. ಗಂಡ ಬಸ್ಸಿನ ಡ್ರೈವರ್, ಬೆಳಗಿನ ಪಾಳಿ, ಐದಕ್ಕೇ ಹೊರಟುಹೋಗುವವನು. ಅಣ್ಣನಿಗೂ ಹೆಂಡತಿಗೂ ನಡುವೆ ಬರುವುದಕ್ಕಿಂತ ಎದುರಿನಿಂದ ಬರುವ ಲಾರಿಗೆ ಅಡ್ಡ ಹೋಗುವುದು ಮೇಲು ಎಂಬುದು ಅವನ ಲೆಕ್ಕಾಚಾರ.

ತುಂಡು ಬ್ರೆಡ್ಡನ್ನು ತಟ್ಟೆಗೇ ಹಾಕಿ ಅವಳು ಎದ್ದಳು.

ನಡೆದದ್ದು ಇಷ್ಟು. ಕೇಂದ್ರದ ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲಿ ಬೂಟಿನ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ಸದಾ ಗುಂಯ್‌ಗುಡುತ್ತಿರುತ್ತದೆ. ಅದೇ ಫೈರ್‌ವಾಲ್. ಹೊರಗಿನ ಇಂಟರ್‌ನೆಟ್ಟಿಗೂ ಒಳಗಿನ ಎಂಬತ್ತನಾಲ್ಕು ಕಂಪ್ಯೂಟರುಗಳಿಗೂ ನಡುವೆ ನಿಂತ ಕಾವಲುಗಾರ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕುತ್ತಿಗೆ ಹಿಡಿದು ದಬ್ಬಬೇಕು ಎಂಬುದು ಅದಕ್ಕೆ ಗೊತ್ತು. ಆದರೆ ಕಳ್ಳರು ಹೊಸ ಹೊಸ ದಾರಿ ಕಂಡುಹಿಡಿಯುತ್ತಾರೆ. ಆಗ ಪೆಟ್ಟಿಗೆ ಮಾಡಿದ ಕಂಪನಿ ಆ ದಾರಿ ಮುಚ್ಚುವ ಅಪ್‌ಡೇಟ್ ತಯಾರಿಸಿ, 'ಹೊಸದು ಬಂದಿದೆ, ಹಾಕಿಕೊಳ್ಳಿ' ಎಂದು ಮೇಲ್ ಕಳಿಸುತ್ತದೆ. ಮೇಲ್ ಕಂಡ ದಿನವೇ ಹಾಕಿದರೆ ಅರ್ಧ ಗಂಟೆಯ ಕೆಲಸ. ಕಾಣದಿದ್ದರೆ ಬಾಗಿಲು ತೆರೆದಿಟ್ಟು ಮಲಗಿದಂತೆ.

ಕೆಂಡಕ್ಕ ಪ್ರತಿ ತಿಂಗಳ ಒಂದನೇ ತಾರೀಖು ತಾನೇ ಹೋಗಿ ನೋಡುತ್ತಿದ್ದಳು. ಈ ಸಲ ಅಪ್‌ಡೇಟ್ ಬಂದದ್ದು ನಾಲ್ಕನೇ ತಾರೀಖು. ಕಳ್ಳ ನುಗ್ಗಿದ್ದು ಇಪ್ಪತ್ತೆರಡಕ್ಕೆ. ನಡುವಿನ ಹದಿನೆಂಟು ದಿನಕ್ಕಾಗಿಯೇ ಆ ಮೇಲ್ ಇರುವುದು. ಅದು ಬರಲಿಲ್ಲ. ಇಪ್ಪತ್ತೆರಡರ ಬೆಳಗ್ಗೆ ರಿಪೋರ್ಟುಗಳೆಲ್ಲ ಯಾರಿಗೂ ತೆರೆಯದಂತೆ ಬೀಗ ಹಾಕಿಕೊಂಡು ಕೂತವು. ಮೂವತ್ತೊಂದು ಗಂಟೆ. ಅವಳು ಹಳೆಯ ನಕಲುಗಳಿಂದ ಒಂದೊಂದಾಗಿ ಎತ್ತಿ ತರುವಷ್ಟರಲ್ಲಿ ಕೌಂಟರಿನ ಮುಂದೆ ಜನ ಸಾಲುಗಟ್ಟಿದ್ದರು. ಅವರಲ್ಲಿ ಒಬ್ಬ ಹೆಂಗಸು, ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದುಕೊಂಡು, "ಆಪರೇಷನ್ ಇವತ್ತಿತ್ತು, ರಿಪೋರ್ಟ್ ಇಲ್ದೆ ಮುಂದಕ್ಕೆ ಹಾಕಿದ್ರು. ಮತ್ತೆ ಯಾವಾಗ ಅಂತ ಅವ್ರೂ ಹೇಳ್ಲಿಲ್ಲ," ಎಂದಿದ್ದಳು. ಬೈಯಲಿಲ್ಲ. ಬೈದಿದ್ದರೆ ಕೆಂಡಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು.

ಮೇಲ್ ಯಾಕೆ ಬರಲಿಲ್ಲ? ಯಾಕೆಂದರೆ ಪೆಟ್ಟಿಗೆ ಕೊಂಡಾಗ ಕಂಪನಿಗೆ ಕೊಟ್ಟದ್ದು ಕೇಂದ್ರದ ಮುಖ್ಯ ವಿಳಾಸ. ಆ ವಿಳಾಸ ಭಾವನ ಕೈಯಲ್ಲಿ. ಭಾವ ಅದನ್ನು ತೆರೆಯುವುದು ಶನಿವಾರ ಮಾತ್ರ. ದಿನಾ ಮೇಲ್ ನೋಡಿದರೆ ಮನಸ್ಸು ಚಂಚಲವಾಗುತ್ತದಂತೆ. ಶನಿವಾರ ಬಂದದ್ದನ್ನೆಲ್ಲ ಕಾಗದಕ್ಕಿಳಿಸಿ, ಸಂಖ್ಯೆ ಕೊಟ್ಟು, ಸೀಲು ಒತ್ತಿ, ಮೂಲೆಯಲ್ಲಿ 'ನೋಡಿದೆ' ಎಂದು ಬರೆದು, ಸಂಬಂಧಪಟ್ಟವರಿಗೆ ಕಳಿಸುತ್ತಾರೆ. ಹಾಗಾಗಿ ಕೇಂದ್ರದಲ್ಲಿ ಅವರ ಹೆಸರೇ 'ನೋಡಿದೆ ಸಾಹೇಬರು'. ನೇರ ನನಗೇ ಬರುವಂತೆ ವಿಳಾಸ ಬದಲಿಸಿ ಎಂದು ಕೆಂಡಕ್ಕ ಏಳು ಸಲ ಬರೆದು ಕೊಟ್ಟಿದ್ದಳು. ಏಳೂ ಕಾಗದ ಹಿಂದಿರುಗಿ ಬಂದಿದ್ದವು. ಮೂಲೆಯಲ್ಲಿ 'ನೋಡಿದೆ'.

ಆದರೂ ಹಿಂದೆಲ್ಲ ಎಂಟು ಹತ್ತು ದಿನ ತಡವಾಗಿಯಾದರೂ ಕಾಗದ ಬರುತ್ತಿತ್ತು. ನಾಲ್ಕು ತಿಂಗಳಿಂದ ಅದೂ ಇಲ್ಲ. ಒಂದನೇ ತಾರೀಖು ನೋಡಿದಾಗಲೂ ಹೊಸದೇನೂ ಕಾಣದ್ದರಿಂದ, ಕಂಪನಿಯವರು ಏನೂ ಹೊಸದು ತಂದಿಲ್ಲವೇನೋ ಎಂದುಕೊಂಡಿದ್ದಳು. ಎಷ್ಟು ಒಳ್ಳೆಯವಳು.

ಹತ್ತು ಗಂಟೆಗೆ ಸರಿಯಾಗಿ ನೋಡಿದೆ ಸಾಹೇಬರು ತಮ್ಮ ಕೋಣೆಯಲ್ಲಿ ಲಕೋಟೆ ಕೊಟ್ಟು ಸಹಿ ಹಾಕಿಸಿಕೊಂಡರು. "ನಾಲ್ಕನೇ ತಾರೀಖಿನಂದೇ ಲಭ್ಯವಿದ್ದ ಅಪ್‌ಡೇಟನ್ನು ಅಳವಡಿಸದೆ ಕರ್ತವ್ಯಲೋಪ ಎಸಗಿರುವ ಬಗ್ಗೆ ಶುಕ್ರವಾರ ಹನ್ನೊಂದಕ್ಕೆ ಡಾಕ್ಟರಮ್ಮನವರ ಸಮಕ್ಷಮ ವಿವರಣೆ ನೀಡತಕ್ಕದ್ದು."

"ಸರ್, ಆ ಮೇಲ್ ನಿಮ್ಮ ಹತ್ರ ಬಂದಿತ್ತಾ?"

"ಬಂದ ಪ್ರತಿಯೊಂದನ್ನೂ ದಾಟಿಸಿದೀನಿ ಮೇಡಂ." ಆಫೀಸಿನಲ್ಲಿ ಅವಳು ಮೇಡಂ.

"ಫೈರ್‌ವಾಲ್ ಫೈಲ್ ಒಂದ್ಸಲ ಕೊಡಿ, ನೋಡ್ತೀನಿ."

"ವಿಚಾರಣೆ ಎದುರಿಸ್ತಿರೋರಿಗೆ ಸಂಬಂಧಪಟ್ಟ ಫೈಲ್ ಕೊಡೋ ಹಾಗಿಲ್ಲ. ನಾಳೆ ಯಾರಾದ್ರೂ ನಮ್ಮ ಮನೆಯೋಳು ಅಂತ ಕೊಟ್ಟೆ ಅಂದ್ರೆ?" ಎಂದು ಕಪಾಟಿಗೆ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿದರು.

ಕೆಂಡಕ್ಕ ಬಾಗಿಲನ್ನು ಎಳೆದುಕೊಂಡ ಸದ್ದಿಗೆ ಮೂತ್ರ ಪರೀಕ್ಷೆಯ ಕೋಣೆಯಲ್ಲಿ ಒಂದು ಸೀಸೆ ಉರುಳಿತಂತೆ. ಇದು ಗಿಳಿ ಸೇರಿಸಿದ್ದು.

ಗಿಳಿ ಕೇಂದ್ರದ ಟೆಲಿಫೋನ್ ಆಪರೇಟರ್. ಕೌಂಟರಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂರುತ್ತಾಳೆ. ಗೂಡು ಎಂದ ಮೇಲೆ ಹೆಸರು ತಾನಾಗಿಯೇ ಬಂದಿತ್ತು. ಹೊರಗಿನ ಕರೆಯೆಲ್ಲ ಅವಳ ಬೋರ್ಡಿನ ಮೂಲಕವೇ ಒಳಗೆ ಬರಬೇಕು, ಹೋಗಬೇಕು. ಅವಳು ಒಮ್ಮೆ ಕೇಳಿದ ದನಿಯನ್ನು ಬಿಡುವವಳಲ್ಲ. ಡಾಕ್ಟರಮ್ಮನ ಕೆಮ್ಮು, ಲಿಫ್ಟಿನ ಬಾಗಿಲು ಕಿರುಗುಟ್ಟುವುದು, ರಕ್ತ ಕೊಡುವ ಮುಂಚೆಯೇ ಅಳುವ ಗಡ್ಡದ ಗಂಡಸರು, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ನೋಡಿದೆ ಸಾಹೇಬರಂತೂ ಸ್ವಂತ ಮನೆ ಮಾಡಿಕೊಂಡಿದ್ದರು.

"ಕಂಪನಿಗೆ ಲೈನ್ ಹಾಕು," ಎಂದಳು ಕೆಂಡಕ್ಕ.

"ಮುಖ ನೋಡಿದ್ರೆ ಅಗ್ನಿಶಾಮಕದೋರಿಗೆ ಹಾಕೋದು ಒಳ್ಳೇದು ಅನ್ಸುತ್ತೆ," ಎಂದಳು ಗಿಳಿ. ಆದರೂ ಹಾಕಿದಳು. ತಾನೂ ಒಂದು ಕಿವಿ ಇಟ್ಟಳು.

ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಆ ಕಡೆಯಿಂದ ಒಬ್ಬ ಬಂದ. ಮೂಗು ಕಟ್ಟಿಕೊಂಡ ದನಿ. ಪ್ರತಿ ಮಾತಿಗೂ ಮುಂಚೆ "ಹಾಂ ಹೇಳಿ ಮೇಡಂ" ಎನ್ನುವವನು.

"ನಾಲ್ಕು ತಿಂಗಳಿಂದ ನಿಮ್ಮ ಸೂಚನೆ ಬರ್ತಿಲ್ಲ. ಯಾಕೆ?"

"ಹಾಂ ಹೇಳಿ ಮೇಡಂ... ನೋಡ್ತಿದೀನಿ... ನಿಮ್ಮ ವಿಳಾಸದಿಂದಲೇ ನಿಲ್ಲಿಸಿ ಅಂತ ಬಂದಿದೆ ಮೇಡಂ. ನಾಲ್ಕು ತಿಂಗಳ ಹಿಂದೆ, ಒಂದು ಶನಿವಾರ."

ಶನಿವಾರ. ಕೆಂಡಕ್ಕನ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಚಟ್ಟೆಂದು ಸೀಳಿತು.

"ಇದನ್ನ ಬರೆದು ಕೊಡಿ. ಇವತ್ತೇ."

"ಹಾಂ ಹೇಳಿ ಮೇಡಂ... ಕೊಡ್ಬಹುದು. ಆದ್ರೆ ನಮ್ಮಲ್ಲಿ ನೋಂದಾಯಿಸಿರೋ ವಿಳಾಸಕ್ಕೆ ಮಾತ್ರ ಕಳ್ಸೋದು."

"ಆ ವಿಳಾಸ ಇರೋದು ನಿಲ್ಲಿಸಿದೋರ ಹತ್ರ. ಅವ್ರು ತೆಗೆಯೋದು ಶನಿವಾರ. ನನ್ನ ವಿಚಾರಣೆ ಶುಕ್ರವಾರ. ಇದು ನಿಮಗೆ ಅರ್ಥ ಆಗುತ್ತಾ?"

"ಅರ್ಥ ಆಗುತ್ತೆ ಮೇಡಂ. ನೋಂದಾಯಿಸಿರೋ ವಿಳಾಸಕ್ಕೆ ಮಾತ್ರ."

ಅವಳು ರಿಸೀವರ್ ಇಟ್ಟ ರೀತಿಗೆ ಅದು ಮುರಿಯದೆ ಉಳಿದದ್ದೇ ಹೆಚ್ಚು. ನಂತರ ಗೂಡಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳು ಬರುವುದು ಅವಳಿಗೆ ಕೋಪ ಮಿತಿ ಮೀರಿದಾಗ ಮಾತ್ರ. ಈಗ ಕಣ್ಣು ಚುರುಗುಟ್ಟುತ್ತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಕೋಪ ಬಂತು.

"ಹನ್ನೆರಡು ವರ್ಷ ಕಣೇ ಗಿಳಿ. ನಿಲ್ಲಿಸಿದ್ದು ಅವ್ರು. ಯಾಕೆ ಹಾಕಿಲ್ಲ ಅಂತ ಮೆಮೊ ಕೊಟ್ಟಿದ್ದೂ ಅವ್ರೇ. ನಾಳಿದ್ದು ನಾನು ಹೇಳಿದ್ರೆ ಡಾಕ್ಟರಮ್ಮ ಪುರಾವೆ ಎಲ್ಲಿ ಅಂತಾರೆ. ಪುರಾವೆ ಅವ್ರ ಕಪಾಟಲ್ಲಿ. ಬೀಗ ಎರಡು ಸಲ ಎಳೆದು ನೋಡಿದಾರೆ."

ಗಿಳಿ ಕಿವಿಯ ಓಲೆ ತಿರುಗಿಸಿದಳು. ಬಳಿಕ ಮೂಗು ಕಟ್ಟಿಕೊಂಡ ಗಂಡು ದನಿಯೊಂದು ಗೂಡಿನೊಳಗೆ ಹೇಳಿತು: "ಹಾಂ ಹೇಳಿ ಮೇಡಂ. ಬರಹದಲ್ಲಿ ಸಿಗ್ದೇ ಇದ್ರೆ ಬಾಯಲ್ಲಿ ತಗೊಳ್ಳೋಣ."

ಕೆಂಡಕ್ಕ ಬೆಚ್ಚಿ ಫೋನಿನತ್ತ ನೋಡಿದಳು. ಫೋನು ತನ್ನ ಪಾಡಿಗೆ ತಾನಿತ್ತು.

ಗುರುವಾರ ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಅವಳು ಭಾವನ ಮುಖ ನೋಡದೆ ಕೇಳಿದಳು. "ಭಾವ, ಆ ಫೈರ್‌ವಾಲ್ ಕಂಪನಿಯೋರು ಹೆಂಗೆ? ಒಳ್ಳೆಯೋರಾ?"

ಭಾವನ ಮುಖ ಕಪ್ಪಿಟ್ಟಿತು. "ಅವ್ರ ಹೆಸ್ರು ಎತ್ತಬೇಡ. ಸಂಸ್ಕಾರ ಇಲ್ದ ಜನ."

"ಯಾಕೋ, ಏನು ಮಾಡಿದ್ರು?" ಎಂದರು ಅತ್ತೆ.

"ಬಂದ ಪತ್ರಕ್ಕೆ ಉತ್ತರ ಬರೀದೋನು ಮನುಷ್ಯನೇ ಅಲ್ಲಮ್ಮ," ಎಂದಷ್ಟೇ ಹೇಳಿ ಭಾವ ಬಿಸ್ಕತ್ತಿಗೆ ಕೈ ಹಾಕಿದರು. ಅವರು ಎದ್ದು ಹೋದ ಮೇಲೆ ಅತ್ತೆ ಸೊಸೆಯ ಕಿವಿಯ ಹತ್ತಿರ ಬಾಗಿದರು. "ಇಪ್ಪತ್ತೆರಡು ವಯಸ್ಸಲ್ಲಿ ಕೆಲಸಕ್ಕೆ ಅಂತ ಅರವತ್ತು ಕಡೆ ಅರ್ಜಿ ಹಾಕಿದ್ದ. ಒಬ್ರೂ ಇಲ್ಲ ಅಂತಾನೂ ಬರೀಲಿಲ್ಲ. ದಿನಾ ಗೇಟ್ ಹತ್ರ ನಿಂತು ಪೋಸ್ಟ್‌ಮ್ಯಾನ್ ದಾರಿ ಕಾಯೋನು. ಅವತ್ತಿಂದ ಹಿಡಿದಿದ್ದು ಈ ಹುಚ್ಚು. ಮಾವಿನಕಾಯಿ ಮಾರೋನು ಚೀಟಿ ಕೊಟ್ರೂ ಇವನು ಉತ್ತರ ಬರೀತಾನೆ."

ಕನಿಕರ ಬರಬೇಕಿತ್ತು. ಒಂದು ಹನಿ ಬಂತು ಕೂಡ. ಆದರೆ ಹತ್ತಿ ಒತ್ತಿ ಹಿಡಿದ ಆ ಮೊಣಕೈ ನೆನಪಾಗಿ ಅದು ಅಲ್ಲೇ ಆವಿಯಾಯಿತು. ಆ ಅರವತ್ತು ಕಂಪನಿಗಳ ಮೇಲಿನ ಸೇಡನ್ನು ಆ ಹೆಂಗಸಿನ ಮೇಲೆ ತೀರಿಸಬೇಕಿತ್ತೇ?

ಕೇಂದ್ರಕ್ಕೆ ಹೋದವಳೇ ಗೂಡಿಗೆ ನುಗ್ಗಿದಳು. "ಒಂದೇ ಕರಾರು ಗಿಳಿ. ಅವ್ರ ಬಾಯಿಗೆ ಮಾತು ಇಡಬೇಡ. ಪತ್ರ ಬಂದಿದೆ ಅನ್ನು, ತಡ ಆಯ್ತು ಅನ್ನು. ಮಿಕ್ಕಿದ್ದು ಅವ್ರೇ ಹೇಳ್ಬೇಕು. ನೀನು ಕಟ್ಟಿ ಹೇಳಿದ್ರೆ ಅದು ಪುರಾವೆ ಆಗಲ್ಲ, ನಾಟಕ ಆಗುತ್ತೆ."

"ಹಾಂ ಹೇಳಿ ಮೇಡಂ," ಎಂದಿತು ಮೂಗು.

ಶುಕ್ರವಾರ ಹನ್ನೊಂದು. ಡಾಕ್ಟರಮ್ಮನ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಮೂಲೆಯ ಫ್ರಿಜ್ಜು ಆಗಾಗ ನಿಟ್ಟುಸಿರು ಬಿಡುತ್ತಿತ್ತು. ನೋಡಿದೆ ಸಾಹೇಬರು ಇಸ್ತ್ರಿ ಮಾಡಿದ ಅಂಗಿಯಲ್ಲಿ (ಮಾಡಿದವಳು ಕೆಂಡಕ್ಕ) ಫೈಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆಂಡಕ್ಕ ನಿಂತೇ ಇದ್ದಳು.

"ಯಾಕೆ ಹಾಕ್ಲಿಲ್ಲ, ಅಷ್ಟು ಹೇಳಿ," ಎಂದರು ಡಾಕ್ಟರಮ್ಮ.

"ಬಂದಿದೆ ಅಂತ ಸೂಚನೆ ನನಗೆ ಸಿಗ್ಲಿಲ್ಲ ಮೇಡಂ. ನಾಲ್ಕು ತಿಂಗಳಿಂದ ಸಿಕ್ಕಿಲ್ಲ. ಯಾರೋ ಅದನ್ನ ನಿಲ್ಲಿಸಿದಾರೆ."

"ಯಾರು?"

"ಸಾಹೇಬ್ರನ್ನ ಕೇಳಿ."

"ನಮ್ಮ ವಿಳಾಸಕ್ಕೆ ಬಂದಿರೋ ಪ್ರತಿಯೊಂದು ಸೂಚನೇನೂ ಸೀಲು ಸಮೇತ ದಾಟಿಸಿದೀನಿ," ಎಂದರು ಸಾಹೇಬರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬರದಂತೆ ಮಾಡಿದ ಮೇಲೆ ಬಂದದ್ದು ಎಲ್ಲಿಂದ ಇರಬೇಕು? ಅವರ ಮನಸ್ಸಿನಲ್ಲಿ ಆ ಎರಡಕ್ಕೂ ನಂಟೇ ಇರಲಿಲ್ಲ. ಅದೇ ಕೆಂಡಕ್ಕನ ಕೋಪಕ್ಕೆ ಎಣ್ಣೆ ಸುರಿಯುತ್ತಿತ್ತು. ಕಳ್ಳನನ್ನಾದರೂ ಹಿಡಿದು ಬಾರಿಸಬಹುದು. ಇಷ್ಟು ಪ್ರಾಮಾಣಿಕನನ್ನು ಏನು ಮಾಡುವುದು?

ಡಾಕ್ಟರಮ್ಮ ಮೆಮೊದ ಮೇಲೆ ಪೆನ್ನು ಊರಿದರು. "ಹಾಗಾದ್ರೆ ಇನ್ನು ಹೆಚ್ಚು ಮಾತಾಡೋದು ಏನಿಲ್ಲ..."

ಆಗ ಫೋನು ರಿಂಗಾಯಿತು. ಕೈಯಲ್ಲಿ ಪೆನ್ನಿದ್ದದ್ದರಿಂದ ಡಾಕ್ಟರಮ್ಮ ಸ್ಪೀಕರಿನ ಗುಂಡಿ ಒತ್ತಿದರು.

"ಮೇಡಂ, ಫೈರ್‌ವಾಲ್ ಕಂಪನಿ ಕಡೆಯಿಂದ," ಎಂದಿತು ಗಿಳಿಯ ವಿನಯದ ದನಿ. "ಆಡಳಿತಾಧಿಕಾರಿಗಳ ಪತ್ರದ ವಿಷಯ ಅಂತೆ. ಕೊಡ್ಲಾ?"

ಸಾಹೇಬರು ಫೈಲಿನ ಸಮೇತ ಎದ್ದು ನಿಂತರು. "ಪತ್ರದ ವಿಷಯಾನಾ?"

"ಹಾಂ ಹೇಳಿ ಸಾರ್," ಎಂದಿತು ಮೂಗು ಕಟ್ಟಿದ ದನಿ. "ತಮ್ಮ ಪತ್ರಗಳು ನಮ್ಮ ಕೈ ಸೇರಿವೆ. ಸ್ವಲ್ಪ ತಡ ಆಯ್ತು. ಬೇಜಾರು ಮಾಡ್ಕೋಬಾರ್ದು."

ಸಾಹೇಬರು ಫೋನಿನತ್ತ ಬಾಗಿದರು. ಗೇಟಿನ ಹತ್ತಿರ ನಿಂತ ಇಪ್ಪತ್ತೆರಡರ ಹುಡುಗ ಆ ಮುಖದಲ್ಲಿ ಒಂದು ಗಳಿಗೆ ಇಣುಕಿ ಹೋದ. ಕೆಂಡಕ್ಕ ಬೇರೆ ಕಡೆ ನೋಡಿದಳು.

"ಸ್ವಲ್ಪ ತಡಾನಾ? ಎರಡು ವರ್ಷ ಸ್ವಾಮಿ. ಎಷ್ಟು ಪತ್ರ ಬರೆದಿದೀನಿ ಗೊತ್ತಾ ನಿಮಗೆ?"

"ತಾವೇ ಹೇಳಿ ಸಾರ್. ತಮ್ಮ ಬಾಯಲ್ಲಿ ಕೇಳಿದ್ರೇನೆ ಚೆಂದ."

"ನಲವತ್ತೊಂದು!" ಫೈಲು ಮೇಜಿನ ಮೇಲೆ ಬಿಚ್ಚಿಕೊಂಡಿತು. "ನೀವು ಒಂದೊಂದು ಸೂಚನೆ ಕಳಿಸ್ದಾಗ್ಲೂ ಮಾರನೇ ಶನಿವಾರವೇ ಉತ್ತರ ಕೊಟ್ಟಿದೀನಿ. ಮೊದಲ್ನೇದು ಕೇಳಿ. 'ತಮ್ಮ ಸೂಚನೆ ತಲುಪಿದೆ. ಸಂಬಂಧಪಟ್ಟ ವಿಭಾಗಕ್ಕೆ ದಾಟಿಸಲಾಗಿದೆ. ತಮ್ಮ ಕುಶಲ ಬಯಸುವ...' ಅದಕ್ಕೆ ನಿಮ್ಮ ಕಡೆಯಿಂದ ಏನು ಬಂತು? 'ಈ ವಿಳಾಸಕ್ಕೆ ಉತ್ತರಿಸಬೇಡಿ.' ಹೀಗಾ ಸ್ವಾಮಿ ಬರೆಯೋದು ಒಬ್ಬ ಮರ್ಯಾದಸ್ಥನಿಗೆ? ಅದಕ್ಕೂ ಉತ್ತರ ಬರೆದೆ. ಎರಡನೇದು. 'ಪತ್ರ ಕಳಿಸಿ ಉತ್ತರಿಸಬೇಡಿ ಎನ್ನುವುದು ಸಭ್ಯತೆಯಲ್ಲ.' ಅದಕ್ಕೂ ಅದೇ ಮಾತು, ಅಕ್ಷರ ಬದಲಾಗ್ದೆ. ಹದಿನೇಳನೇದ್ರಲ್ಲಿ ಮನಸ್ಸು ಬಿಚ್ಚಿ ಬರೆದೆ. 'ತಮ್ಮ ಮೌನ ನಮ್ಮನ್ನು ನೋಯಿಸಿದೆ. ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಮುಕ್ತವಾಗಿ ತಿಳಿಸಿ...'"

ಡಾಕ್ಟರಮ್ಮ ಪೆನ್ನನ್ನು ಮೆಮೊದಿಂದ ಎತ್ತಿದರು.

"ಹಾಂ ಹೇಳಿ ಸಾರ್," ಎಂದಿತು ದನಿ. ಈ ಸಲ ಅದರಲ್ಲಿ ಏನೋ ನಡುಕವಿತ್ತು, ನೆಗಡಿಯದ್ದಲ್ಲ.

"ಅದಕ್ಕೇ ನಲವತ್ತೊಂದನೇದ್ರಲ್ಲಿ ಖಡಾಖಂಡಿತವಾಗಿ ಬರೆದೆ. 'ಈ ಹಿಂದಿನ ನಲವತ್ತು ಪತ್ರಗಳಿಗೆ ಉತ್ತರ ಬರುವವರೆಗೆ ತಮ್ಮ ಯಾವ ಸೂಚನೆಯನ್ನೂ ಸ್ವೀಕರಿಸಲಾಗುವುದಿಲ್ಲ.' ಬರೀ ಬರೆದು ಬಿಡ್ಲಿಲ್ಲ. ನಿಮ್ಮ ಮೇಲ್ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತಲ್ಲ, ಸೂಚನೆಗಳು ಬೇಡವಾದರೆ ಇಲ್ಲಿ ಒತ್ತಿ ಅಂತ? ಒತ್ತಿದೆ. ನಾನೇ ಖುದ್ದು ಒತ್ತಿದೆ. ಖಚಿತವೇ ಅಂತ ಕೇಳ್ತು. ಖಚಿತ ಅಂತಾನೂ ಒತ್ತಿದೆ."

ಫ್ರಿಜ್ಜು ನಿಟ್ಟುಸಿರು ಬಿಟ್ಟಿತು.

"ಇನ್ನೊಂದ್ಸಲ ಹೇಳಿ," ಎಂದರು ಡಾಕ್ಟರಮ್ಮ ಮೆಲ್ಲಗೆ. "ಏನನ್ನ ಒತ್ತಿದ್ರಿ?"

ಸಾಹೇಬರು ಅವರತ್ತ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಫೋನಿನೊಳಗೆ ಇನ್ನೊಂದು ಗಂಟೆ ಕಿಣಿಗುಟ್ಟಿತು. "ಒಂದ್ನಿಮಿಷ ಸಾರ್," ಎಂದಿತು ಮೂಗಿನ ದನಿ. ಅಲ್ಲಿ ಯಾವುದೋ ಗುಂಡಿ ಒತ್ತಬೇಕಿತ್ತು, ಒತ್ತಲಿಲ್ಲ. ಇಡೀ ಕೋಣೆಗೆ ಕೇಳುವಂತೆ ಫೈರ್‌ವಾಲ್ ಕಂಪನಿ ಹೆಣ್ಣು ದನಿಯಲ್ಲಿ ಹೇಳತೊಡಗಿತು: "ನಮಸ್ಕಾರ, ರಕ್ತ ತಪಾಸಣಾ ಕೇಂದ್ರ. ಹೌದಮ್ಮ, ಹನ್ನೆರಡು ಗಂಟೆ ಏನೂ ತಿನ್ನಬಾರ್ದು. ನೀರು ಕುಡೀಬಹುದು. ಇಲ್ಲಮ್ಮ, ಚಹಾ ನೀರಲ್ಲ. ಸಕ್ಕರೆ ಹಾಕ್ದಿದ್ರೂ ನೀರಲ್ಲ." ಕಟ್ ಎಂದಿತು. ಮತ್ತೆ ಮೂಗು ಕಟ್ಟಿತು. "ಹಾಂ ಹೇಳಿ ಸಾರ್."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗಿಳಿ. ಒಳಗೆ ಬಾ."

ಗಿಳಿ ಬಂದು ಬಾಗಿಲ ಸಂದಿಯಲ್ಲಿ ನಿಂತಳು. ಸಾಹೇಬರು ಅವಳನ್ನೂ ಫೋನನ್ನೂ ಸರದಿಯಂತೆ ನೋಡಿದರು. ಕೋಪ ಬರುವುದಕ್ಕೆ ಮೊದಲು ಅವರಿಗೆ ಬಂದದ್ದು ಒಂದು ಪ್ರಶ್ನೆ. "ಹಾಗಾದ್ರೆ ಕಂಪನಿಯೋರು ಇವತ್ತೂ ಉತ್ತರ ಕೊಟ್ಟಿಲ್ವಾ?"

ಆಗ ಕೆಂಡಕ್ಕ ಸಿಡಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

"ಯಾರು ಕೊಡ್ಬೇಕು ಭಾವ? ಅಲ್ಲಿ ಯಾರೂ ಇಲ್ಲ. ಆ ಮೇಲ್ ಕಳ್ಸೋದು ಯಂತ್ರ. ನೀವು ಉತ್ತರ ಬರೆದ್ರೆ, ಬೇಡಿ ಅಂತ ವಾಪಸ್ ಕಳ್ಸೋದೂ ಯಂತ್ರ. ಎರಡು ವರ್ಷ ನೀವು ಗೋಡೆ ಹತ್ರ ಮುನಿಸ್ಕೊಂಡು ಕೂತಿದ್ರಿ. ನನಗೆ ಸಿಟ್ಟು ಅದಕ್ಕಲ್ಲ. ಗೊತ್ತಿಲ್ದೆ ಮಾಡಿದ್ರಿ, ಆಯ್ತು. ಏಳು ಸಲ ಬರೆದು ಕೊಟ್ನಲ್ಲ, ನನಗೆ ಬರೋ ಹಾಗೆ ಮಾಡಿ ಅಂತ? ಆ ಗೋಡೆಗೆ ನಲವತ್ತೊಂದು ಪತ್ರ ಬರೆದ್ರಿ. ಒಂದೇ ಮೇಜಲ್ಲಿ ಊಟ ಮಾಡೋಳಿಗೆ 'ನೋಡಿದೆ'. ಉತ್ತರ ಬರೀದೋನು ಯಾರು ಈಗ? ಅವತ್ತು ಕೌಂಟರಲ್ಲಿ ಒಬ್ಬಳು ಹತ್ತಿ ಒತ್ಕೊಂಡು ನಿಂತಿದ್ಲು. ಆಪರೇಷನ್ ತಪ್ಪಿತ್ತು. ನೀವು ಖಚಿತ ಅಂತ ಒತ್ತಿದ್ದು ಅವಳನ್ನ."

ಅವಳು 'ಸರ್' ಬದಲು 'ಭಾವ' ಎಂದದ್ದನ್ನು ಆಕ್ಷೇಪಿಸಲೂ ಸಾಹೇಬರು ಮರೆತರು.

ಡಾಕ್ಟರಮ್ಮ ಮೆಮೊವನ್ನು ಅವರತ್ತ ತಳ್ಳಿದರು. "ರದ್ದು ಅಂತ ಬರೆದು ಸಹಿ ಹಾಕಿ. ಆಮೇಲೆ ಇಲ್ಲೇ, ನನ್ನ ಕಂಪ್ಯೂಟರಲ್ಲೇ, ಆ ವಿಳಾಸ ಬದಲಾಯಿಸಿ. ಶನಿವಾರ ಅಲ್ಲ. ಈಗ. ಗಿಳಿ, ನಿನ್ನ ವಿಷಯ ಆಮೇಲೆ ನೋಡ್ತೀನಿ."

ಕೆಂಡಕ್ಕ ಪಕ್ಕದಲ್ಲಿ ನಿಂತು ಎಲ್ಲಿ ಒತ್ತಬೇಕೆಂದು ತೋರಿಸಿದಳು. ಸಾಹೇಬರು ಒಂದೊಂದೇ ಅಕ್ಷರ ಹುಡುಕಿ ಅವಳ ವಿಳಾಸ ಕುಟ್ಟಿದರು. 'ಖಚಿತವೇ?' ಎಂದು ಕೇಳಿತು. ಅವರು ಅವಳ ಮುಖ ನೋಡಿ ಒತ್ತಿದರು. ಮರುಕ್ಷಣ ಅವಳ ಜೇಬಿನ ಮೊಬೈಲು ಟಿಣ್ ಎಂದಿತು. ಫೈರ್‌ವಾಲ್ ಕಂಪನಿಯಿಂದ ಅವಳಿಗೆ ಬಂದ ಮೊದಲ ಸೂಚನೆ: ಇನ್ನು ಮುಂದೆ ಹೊಸ ಅಪ್‌ಡೇಟ್ ಬಂದಾಗಲೆಲ್ಲ ತಿಳಿಸಲಾಗುವುದು. ಏಳು ಅರ್ಜಿ, ಎರಡು ಮೆಮೊ, ಮೂವತ್ತೊಂದು ಗಂಟೆ. ಕೆಲಸ ಮುಗಿಯಲು ಬೇಕಾದದ್ದು ಎರಡು ನಿಮಿಷ. ಸಂತೋಷವಾಗಬೇಕಿತ್ತು. ಮೊಬೈಲನ್ನು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು.

ಸಾಹೇಬರು ತಮ್ಮ ಕುರ್ಚಿಗೆ ಹಿಂದಿರುಗಿ ಬಿಚ್ಚಿದ ಫೈಲಿನ ಮುಂದೆ ಕೂತರು. ಹಾಳೆ ತಿರುವಿದರು. ಹದಿನೇಳರಲ್ಲಿ ನಿಂತರು.

"ಒಬ್ರೂ ಓದಿಲ್ವಾ? ಇದನ್ನೂ?"

"ಇಲ್ಲ," ಎಂದಳು ಕೆಂಡಕ್ಕ.

"ನೋವಾಗಿದೆ ಅಂತ ಬರೆದಿದ್ನಲ್ಲ."

"ಯಂತ್ರಕ್ಕೆ."

ಬಾಗಿಲ ಸಂದಿಯಿಂದ ಕಿಸಕ್ಕೆಂದು ಸದ್ದು ಬಂತು. ಗಿಳಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಡಾಕ್ಟರಮ್ಮ ತಮ್ಮ ಪ್ರಸಿದ್ಧ ಕೆಮ್ಮನ್ನು ಕೆಮ್ಮಿದರು, ಎರಡನೆಯ ಕೆಮ್ಮು ಅರ್ಧಕ್ಕೇ ನಗೆಯಾಗಿ ಒಡೆಯಿತು. ಸಾಹೇಬರು ತಲೆಯೆತ್ತಲಿಲ್ಲ. ಹತ್ತನೆಯ ಹಾಳೆಗೆ ಹೋಗಿ ಬೆರಳಿಟ್ಟರು. ಆ ಬೆರಳು ನಡುಗತೊಡಗಿತು, ಆಮೇಲೆ ಭುಜ, ಆಮೇಲೆ ಇಡೀ ಇಸ್ತ್ರಿ ಅಂಗಿ. ಅಳುತ್ತಿದ್ದಾರೆಂದು ಗಿಳಿ ಗಾಬರಿಯಾಗಿ ಸೆರಗು ತೆಗೆದಳು.

"ಬರೆದಿದೀನಿ," ಎಂದರು ಸಾಹೇಬರು ಉಸಿರು ಸಿಗದೆ. "ಇಲ್ಲಿ, ಹತ್ತನೇ ಪತ್ರದಲ್ಲೇ ಬರೆದಿದೀನಿ ನೋಡಿ. 'ಪತ್ರಕ್ಕೆ ಉತ್ತರ ಬರೆಯದವನು ಮನುಷ್ಯನೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.' ಅಲ್ವಂತೆ. ನಿಜವಾಗ್ಲೂ ಅಲ್ವಂತೆ ಕಣ್ರೀ." ನಗೆ ಹೊಟ್ಟೆಯಿಂದ ಎದ್ದು ಬಂತು, ಐವತ್ತು ವರ್ಷ ಸೀಲು ಒತ್ತಿ ಇಟ್ಟಿದ್ದಂಥ ನಗೆ. "ಎರಡು ವರ್ಷ ಬೈದಿದೀನಿ, ಒಂದು ಮಾತೂ ತಪ್ಪಾಗಿಲ್ಲ."

ಈಗ ಗಿಳಿಯೂ ಡಾಕ್ಟರಮ್ಮನೂ ಮುಚ್ಚುಮರೆಯಿಲ್ಲದೆ ನಗುತ್ತಿದ್ದರು. ಅವರಿಬ್ಬರ ನಗೆಯನ್ನು ಸೇರಿಸಿ ತೂಗಿದರೂ ಸಾಹೇಬರದ್ದಕ್ಕೆ ಸಮನಾಗುತ್ತಿರಲಿಲ್ಲ. ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಗೆ ಕೂತಿದ್ದವರು ಬಾಗಿಲತ್ತ ತಲೆ ಎತ್ತಿದರು.

ನಗದೆ ಉಳಿದವಳು ಕೆಂಡಕ್ಕ ಒಬ್ಬಳೇ. ಮೂರು ದಿನ ಬೇಯಿಸಿ ಇಟ್ಟ ಕೋಪ ಇನ್ನೂ ಹಾಗೇ ಕುದಿಯುತ್ತಿತ್ತು, ಬಡಿಸಲು ಎಲೆಯೇ ಇಲ್ಲ. ನಗುವವನ ಮೇಲೆ ಸುರಿದರೆ ಅದೂ ತಮಾಷೆಯಾಗಿಬಿಡುತ್ತದೆ. ಅವಳು ಮೆಮೊವನ್ನು ಎತ್ತಿ ಫೈಲಿನ ಮೇಲೆ, ಹತ್ತನೆಯ ಪತ್ರ ಮುಚ್ಚಿಹೋಗುವಂತೆ, ಅಂಗೈಯಿಂದ ಬಡಿದು ಇಟ್ಟಳು.

"ನಗಿ ಭಾವ, ಎಷ್ಟು ಬೇಕಾದ್ರೂ ನಗಿ. ಮೊದ್ಲು ಸಹಿ. ಆಮೇಲೆ ಆ ಹೆಂಗಸಿಗೆ ಒಂದು ಪತ್ರ, ತಪ್ಪು ನನ್ನದು ಅಂತ. ಅವಳು ಮನುಷ್ಯಳು. ಓದ್ತಾಳೆ."

"ಬರೀತೀನಮ್ಮ," ಎಂದರು ಭಾವ ಕಣ್ಣೊರೆಸಿಕೊಳ್ಳುತ್ತ, ಆಫೀಸಿನಲ್ಲಿ ಮೊದಲ ಸಲ ಅವಳನ್ನು ಅಮ್ಮಾ ಎಂದು. "ನಲವತ್ತೆರಡನೇದು." ಆ ಸಂಖ್ಯೆ ಬಾಯಿಗೆ ಬಂದದ್ದೇ ತಡ ಮತ್ತೆ ಶುರುವಾಯಿತು. ರದ್ದು ಎಂಬ ಪದದ ದುಂಡು ಅಕ್ಷರಗಳು ಕಾಗದದ ತುಂಬ ಕುಣಿದವು, ಸಹಿ ಅಂಚು ದಾಟಿ ಮೇಜಿನ ಮೇಲಕ್ಕೂ ಹರಿಯಿತು, ಅವರು ನಗುತ್ತಲೇ ಇದ್ದರು.